ನಾಲ್ವರನ್ನು ಹೊಲಿಸಿ ಕಳಿಸು

ತಾರೀಖು ಹದಿನಾಲ್ಕು, ಗುರುವಾರ
ಅಂಗಡಿಯಿಂದ, ಮಧ್ಯಾಹ್ನ ಹನ್ನೆರಡೂವರೆ

ನನ್ನ ಗುಂಡಿಗೆ, ಅಮ್ಮನ ಆಶೀರ್ವಾದಗಳು.

ಮೊದಲು ಈ ಕಾಗದ ಓದು, ಆಮೇಲೆ ಪೊಟ್ಟಣ ಬಿಚ್ಚು. ಈಗಾಗಲೇ ಬಿಚ್ಚಿಬಿಟ್ಟಿದ್ದರೆ ಬಟ್ಟೆಗಳನ್ನು ಮೈಗೆ ತಾಗಿಸಬೇಡ. ಹನ್ನೆರಡು ಗುಂಡುಪಿನ್ನುಗಳಲ್ಲಿ ಹನ್ನೊಂದು ಮಾತ್ರ ಡಬ್ಬಿಗೆ ವಾಪಸು ಬಂದಿವೆ. ಒಂದು ಎಲ್ಲಿ ಅಡಗಿದೆಯೋ ತಿಳಿಯದು. ನಾಲ್ಕು ಉಡುಪುಗಳನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದೆ, ಹೊಲಿಗೆ ಹೊಲಿಗೆಗೂ ಬೆರಳಾಡಿಸಿದೆ, ಅಯಸ್ಕಾಂತ ಎಳೆದೆ. ಸಿಗಲಿಲ್ಲ. ಎರಡು ವರ್ಷದವಳಿದ್ದಾಗ ನೀನು ಕೋಟಿನ ಗುಂಡಿ ನುಂಗಿದೆ. ಅದು ಹೊರಗೆ ಬರುವವರೆಗೆ ಮೂರು ದಿನ ನಾನು ಊಟ ಮುಟ್ಟಲಿಲ್ಲ. ಆ ಗುಂಡಿ ಹೋಯಿತು, ಹೆಸರು ಉಳಿಯಿತು. ಈಗ ಪಿನ್ನಿನ ಸರದಿ ಬರುವುದು ಬೇಡ.

ಪೊಟ್ಟಣದಲ್ಲಿ ಬಟ್ಟೆ ಯಾಕಿದೆ ಅಂತ ನೀನು ಹುಬ್ಬು ಗಂಟು ಹಾಕಿಕೊಂಡಿರುತ್ತೀಯ. ಬೈಯಬೇಡ, ಹೇಳುತ್ತೇನೆ. ತಪ್ಪು ನನ್ನದು.

ಹೋದ ಶುಕ್ರವಾರ ನೀನು ಬಸ್ಸಿನಲ್ಲಿ ಕಳಿಸಿದ ಜೆರಾಕ್ಸ್ ಕಟ್ಟು ಬಂತು. ಮೇಲೆ ನಿನ್ನ ಕೈಬರಹದ ಚೀಟಿ. ಅದನ್ನು ನಾನು ಓದಿಕೊಂಡದ್ದು ಹೀಗೆ: ‘ಅಮ್ಮಾ, ಪುಟಗಳನ್ನೆಲ್ಲ ನೋಡಿ ಈ ನಾಲ್ವರನ್ನು ಹೊಲಿಸಿ ಮುಂದಿನ ಶುಕ್ರವಾರದೊಳಗೆ ಕಳಿಸು. ನಿನಗೆ ತೋಚಿದ ಹಾಗಿದ್ದರೆ ಸಾಕು. ಶನಿವಾರದ ಸಭೆಗೆ ಬೇಕೇ ಬೇಕು.’

ನಾಲ್ವರು ಯಾರು ಅಂತ ಪುಟ ತಿರುಗಿಸಿದೆ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ನೆಲದಲ್ಲಿ ಸೈನ್ಯ ನಡೆಸಿದ ಹೆಂಗಸರು. ಉಳ್ಳಾಲದ ಅಬ್ಬಕ್ಕ, ಫ್ರಾನ್ಸಿನ ಜೋನ್, ಆಫ್ರಿಕಾದ ನ್ಜಿಂಗಾ, ವಿಯೆಟ್ನಾಮಿನ ತ್ರುಂಗ್ ಅಕ್ಕತಂಗಿಯರಲ್ಲಿ ಅಕ್ಕ. ಪ್ರತಿಯೊಬ್ಬಳದೂ ಒಂದೊಂದು ಚಿತ್ರ. ನೀನು ಕೆಲಸ ಮಾಡುವುದು ಮ್ಯೂಸಿಯಂನಲ್ಲಿ, ಮ್ಯೂಸಿಯಂ ಅಂದಮೇಲೆ ಬೊಂಬೆಗಳಿಗೆ ಬಟ್ಟೆ ತೊಡಿಸಿ ನಿಲ್ಲಿಸುತ್ತಾರೆ. ಆ ಬಟ್ಟೆ ಹೊಲಿಯಬೇಕು. ನನ್ನ ಮಗಳು ಅಷ್ಟು ದೊಡ್ಡ ಕಟ್ಟಡದ ಕೆಲಸವನ್ನು ಈ ಎಂಟಡಿ ಅಗಲದ ಅಂಗಡಿಗೆ ತಂದು ಕೊಟ್ಟಿದ್ದಾಳೆ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು. ಸೂಜಿಗೆ ದಾರ ಪೋಣಿಸಲು ಐದು ನಿಮಿಷ ಬೇಕಾಯಿತು.

‘ನಾಲ್ವರನ್ನು ಹೊಲಿಸಿ’ ಅಂದರೆ ವಿಚಿತ್ರ ಅನ್ನಿಸಲಿಲ್ಲವೇ ಅಂತ ನೀನು ಕೇಳಬಹುದು. ನೀನೇ ಯೋಚಿಸು. ಈ ಅಂಗಡಿಯಲ್ಲಿ ನಾವು ಬಟ್ಟೆಯನ್ನು ಬಟ್ಟೆ ಅಂತ ಎಂದಾದರೂ ಕರೆದದ್ದುಂಟೆ? ನರ್ಸಮ್ಮನನ್ನು ಮಡಚಿಡು, ಪೋಸ್ಟ್‌ಮ್ಯಾನಿಗೆ ಕಾಜಾ ಬಾಕಿ ಇದೆ, ವಕೀಲರನ್ನು ಸೊಂಟದಲ್ಲಿ ಎರಡಿಂಚು ಬಿಚ್ಚಬೇಕು. ನೀನು ಎಂಟು ವರ್ಷದವಳಿದ್ದಾಗ ಶಾಲೆಯಲ್ಲಿ ಯಾರೋ ಬಂದು ನಿಮ್ಮಮ್ಮ ಏನು ಮಾಡುತ್ತಿದ್ದಾರೆ ಅಂತ ಕೇಳಿದ್ದಕ್ಕೆ, ‘ಹೆಡ್‌ಮಾಸ್ಟರಿಗೆ ಇಸ್ತ್ರಿ ಹಾಕ್ತಿದ್ದಾರೆ’ ಅಂದವಳು ನೀನೇ ತಾನೇ?

ಚೀಟಿಯಲ್ಲಿ ಒಂದೇ ಒಂದು ಮಾತು ಮನಸ್ಸಿಗೆ ಚುಚ್ಚಿತು. ‘ಹೊಲಿದು’ ಅನ್ನದೆ ‘ಹೊಲಿಸಿ’ ಅಂದಿದ್ದೆ. ಅಂದರೆ ಬೇರೆ ಯಾರ ಕೈಲಾದರೂ ಮಾಡಿಸು ಅಂತ ತಾನೇ? ಅಮ್ಮನ ಕಣ್ಣು ಮಂಜಾಗಿದೆ, ಈಗ ಅವಳ ಕೈಲಿ ಆಗದು ಅಂತ ನೀನು ತೀರ್ಮಾನಿಸಿದ್ದೀಯ ಅಂದುಕೊಂಡೆ. ಒಂದು ದಿನ ನಿನ್ನ ಮೇಲೆ ಮುನಿಸಿಕೊಂಡೇ ಇದ್ದೆ. ಫೋನು ಮಾಡದಿದ್ದುದು ಅದಕ್ಕೇ. ನಿಮ್ಮಪ್ಪ ಹೇಳಿದರು, ‘ಆಯ್ತಲ್ಲ, ಮಗಳು ಹೊಲಿಸು ಅಂದ್ಳು, ನೀನು ಹೊಲಿದು ಕಳ್ಸು, ಸೇಡು ತೀರುತ್ತೆ’ ಅಂತ. ಹಾಗೇ ಮಾಡಿದೆ. ಒಂದು ಕಾಜಾವನ್ನೂ ಹೊರಗೆ ಕೊಡಲಿಲ್ಲ.

ಹೊಸ ಬಟ್ಟೆ ತರಲಿಲ್ಲ, ಗಾಬರಿಯಾಗಬೇಡ. ಮೇಜಿನ ಕೆಳಗಿನ ಚೂರುಗಳ ಮೂಟೆ ನಿನಗೆ ಗೊತ್ತಲ್ಲ, ನೀನು ಸಣ್ಣವಳಿದ್ದಾಗ ಮಲಗುತ್ತಿದ್ದೆಯಲ್ಲ, ಅದನ್ನು ಸುರುವಿದೆ. ಜೋನಳಿಗೆ ಗ್ಯಾರೇಜಿನವರ ಬೂದು ಬಟ್ಟೆ ಸಿಕ್ಕಿತು. ತ್ರುಂಗ್ ಅಕ್ಕನಿಗೆ ಬ್ಯಾಂಡ್ ತಂಡದ ಸಮವಸ್ತ್ರದಲ್ಲಿ ಉಳಿದ ಹಳದಿ ಸ್ಯಾಟಿನ್, ಮೇಲೆ ಜರಿ ಪಟ್ಟಿ. ನ್ಜಿಂಗಾಳಿಗೆ ಮುಚ್ಚಿಹೋದ ಸಿನಿಮಾ ಮಂದಿರದ ಪರದೆಯ ಕೆಂಪು ಮಖಮಲ್ಲು. ಅಬ್ಬಕ್ಕನಿಗೆ ಒಗೆದೂ ಒಗೆದೂ ಮೆತ್ತಗಾದ ಬಿಳಿ ಹತ್ತಿ. ಹೆಸರುಗಳು ಬಾಯಿಗೆ ಬರುತ್ತಿರಲಿಲ್ಲ. ಎರಡನೆಯ ದಿನಕ್ಕೆ ನಮ್ಮ ಪದ್ಧತಿಯ ಹೆಸರುಗಳು ತಾವಾಗಿ ಬಂದವು: ಅಬ್ಬಕ್ಕ ಉಪ್ಪುಗಾಳಿಯವಳು, ಜೋನ್ ಲಾಡಿಯವಳು, ನ್ಜಿಂಗಾ ಕುರ್ಚಿಯವಳು, ತ್ರುಂಗ್ ಅಕ್ಕ ಆನೆಯವಳು. ಯಾಕೆ ಹಾಗೆ ಅನ್ನುವುದನ್ನು ಮುಂದೆ ಬರೆಯುತ್ತೇನೆ.

ಮಂಗಳವಾರ ಲಾಡಿಯವಳನ್ನು ಯಾರ ಮೈಮೇಲಾದರೂ ಹಾಕಿ ನೋಡಬೇಕಿತ್ತು. ನಿಮ್ಮಪ್ಪ ನಿನ್ನಷ್ಟೇ ತೆಳು. ಡಿಪೋದಿಂದ ಊಟಕ್ಕೆ ಬಂದವರನ್ನು ಹಿಡಿದು ನಿಲ್ಲಿಸಿ, ಇಪ್ಪತ್ತು ಲಾಡಿ ಕಟ್ಟಿ, ಕತ್ತಿ ಎತ್ತಿದ ಹಾಗೆ ಕೈ ಎತ್ತಿ ಅಂದೆ. ಕತ್ತಿಯ ಬದಲು ಗಜಕಡ್ಡಿ ಕೊಟ್ಟಿದ್ದೆ. ಅದೇ ಹೊತ್ತಿಗೆ ನರ್ಸಮ್ಮ ಬಂದಳು. ಬಾಗಿಲಲ್ಲೇ ನಿಂತು, ‘ಏನ್ ಟೈಲರಮ್ಮ, ನನ್ನ ಯೂನಿಫಾರ್ಮ್ ಕೇಳಿದ್ರೆ ನಾಳೆ ನಾಳೆ ಅಂತೀರಿ, ಯಜಮಾನ್ರನ್ನ ಮಾತ್ರ ಸಿಂಗರಿಸಿ ನಿಲ್ಲಿಸಿದೀರಲ್ಲ!’ ಅಂದಳು. ನಿಮ್ಮಪ್ಪ ಕಡ್ಡಿ ಇಳಿಸಲೇ ಇಲ್ಲ. ‘ನಾನು ಫ್ರಾನ್ಸಿನ ಸೇನಾಪತಿ ಕಣಮ್ಮ, ಬಿ.ಪಿ. ನೋಡೋದಿದ್ರೆ ಈಗ್ಲೇ ನೋಡ್ಬಿಡು, ಯುದ್ಧಕ್ಕೆ ಲೇಟಾಗುತ್ತೆ’ ಅಂದರು. ಅವಳು ನಕ್ಕೂ ನಕ್ಕೂ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವಳ ಯೂನಿಫಾರ್ಮ್ ಇನ್ನೂ ಆಗಿಲ್ಲ. ಅದೊಂದು ಚಿಂತೆ ಬೇರೆ.

ನಿನ್ನೆ ಬುಧವಾರ, ನಾಲ್ಕೂ ಮುಗಿದಿದ್ದವು. ಪಕ್ಕದ ಕನ್ನಡಕದ ಅಂಗಡಿಯವಳನ್ನು ಕರೆದು ತೋರಿಸಿದೆ. ಅವಳು ಡಿಗ್ರಿ ಓದಿದವಳು, ಒಳ್ಳೆಯ ಮಾತು ಹೇಳುತ್ತಾಳೆ ಅಂತ ಆಸೆ. ಯಾರಿಗೆ ಇವು ಅಂದಳು. ಅಳತೆ ಪುಸ್ತಕ ತೆರೆದು ಅದರಲ್ಲಿದ್ದ ನಿನ್ನ ಚೀಟಿ ತೋರಿಸಿದೆ. ಒಂದು ಸಲ ಕಣ್ಣಾಡಿಸಿ ಬಾಯಿ ಮುಚ್ಚಿಕೊಂಡಳು. ‘ಅಯ್ಯೋ ಟೈಲರಕ್ಕ! ಇದು ಹೊಲಿಸೋದಲ್ಲ, ಹೋಲಿಸೋದು! ಒಬ್ಬಳ ಪಕ್ಕ ಒಬ್ಬಳನ್ನಿಟ್ಟು ಯಾರು ಹೇಗೆ ಅಂತ ನೋಡಿ ಬರೆಯೋದು!’ ಅಂದಳು. ಪುಟದ ತಲೆಬರಹ ತೋರಿಸಿದಳು. ‘ವೀರನಾಯಕಿಯರು: ತೌಲನಿಕ ನೋಟ’ ಅಂತ ಇತ್ತು. ತೌಲನಿಕ ಅಂದರೆ ತಕ್ಕಡಿಗೆ ಸಂಬಂಧಪಟ್ಟದ್ದು ಅಂದುಕೊಂಡು ನಾನು ಅದನ್ನು ಬಿಟ್ಟಿದ್ದೆ.

ನಗಬೇಡ. ಅಥವಾ ನಕ್ಕುಬಿಡು, ಆದರೆ ಈಗಲೇ ನಕ್ಕು ಮುಗಿಸು.

ಆಗ ಒಂದೊಂದೇ ನೆನಪಾದವು. ನೀನು ಫೋನಿನಲ್ಲಿ ಹೇಳಿದ್ದೆ, ನಿಮ್ಮ ದೊಡ್ಡ ಮೇಡಂ ಒಂದು ಷರತ್ತು ಹಾಕಿದ್ದಾರೆ, ಶಾಲೆ ಅರ್ಧಕ್ಕೆ ಬಿಟ್ಟವರಿಗೂ ಈ ಪ್ರದರ್ಶನ ತಿಳಿಯಬೇಕು ಅಂತ. ನಿಮ್ಮ ಹಿರಿಯ ಸಹಾಯಕರಿಗೆ ಆ ನಾಲ್ವರನ್ನು ಒಂದು, ಎರಡು, ಮೂರು, ನಾಲ್ಕು ಅಂತ ನಂಬರು ಕೊಟ್ಟು ನಿಲ್ಲಿಸುವ ಯೋಚನೆ ಅಂತ. ನಿನ್ನದು ನಂಬರಿಲ್ಲದ ಯೋಚನೆ ಅಂತ. ಹೋದ ಸಭೆಯಲ್ಲಿ, ನೀನು ಹುಡುಕಿದ ಆ ನಾಲ್ವರನ್ನು ಹುಡುಕಿ ತಂದವನು ತಾನೇ ಅಂತ ಅವರು ಹೇಳಿಕೊಂಡರು, ನೀನು ಕೈ ಎತ್ತಬೇಕು ಅಂದುಕೊಂಡು ಎತ್ತಲಿಲ್ಲ ಅಂತ. ಈ ಶನಿವಾರ ಪ್ರದರ್ಶನದ ದೊಡ್ಡ ಹಾಲ್ ಯಾರ ಯೋಚನೆಗೆ ಸಿಗುತ್ತದೆ, ನಿನ್ನ ಟೆಂಪರರಿ ಕೆಲಸ ಮುಂದುವರಿಯುತ್ತದೋ ಇಲ್ಲವೋ, ಎರಡೂ ತೀರ್ಮಾನವಾಗುತ್ತವೆ ಅಂತ. ಶಾಲೆ ಅರ್ಧಕ್ಕೆ ಬಿಟ್ಟವರು ಅಂದಾಗ ನಿನಗೆ ನಿನ್ನ ಅಮ್ಮ ನೆನಪಾಗಿದ್ದಾಳೆ. ಒಂದು ಪುಟ ಬರೆಸಿಕೊಂಡು ಸಭೆಯಲ್ಲಿ ಓದೋಣ ಅಂದುಕೊಂಡಿದ್ದೀಯ. ಆ ಅಮ್ಮ ಒಂದು ವಾರ ಕೂತು ಅಂಗಿ ಹೊಲಿದಿದ್ದಾಳೆ. ನನ್ನಿಂದ ನಿನ್ನ ಕೆಲಸ ಹೋದರೆ ಏನು ಮಾಡಲಿ?

ಐದನೇ ಕ್ಲಾಸಿಗೇ ನಿಂತ ಓದು ಇಂಥ ಕಡೆ ಕೈಕೊಡುತ್ತದೆ. ನಿಮ್ಮ ತಾತನಿಗೆ ಹುಷಾರು ತಪ್ಪಿತ್ತು, ಮಷೀನಿನ ಮುಂದೆ ಕೂರುವವರು ಯಾರೂ ಇರಲಿಲ್ಲ, ಶಾಲೆ ಬಿಟ್ಟೆ. ನಿನಗೆ ಗೊತ್ತಿರುವ ಕಥೆಯೇ.

ಕನ್ನಡಕದವಳು, ‘ನಾನೇ ಬರ್ದು ಕೊಡ್ಲಾ, ಅರ್ಧ ಗಂಟೆ ಕೆಲಸ’ ಅಂದಳು. ಆಸೆಯಾಯಿತು. ಆದರೆ ಅವಳು ಬರೆದರೆ ಅದು ಡಿಗ್ರಿ ಓದಿದವಳ ಪುಟ. ನಿಮ್ಮ ಮೇಡಂ ಕೇಳಿದ್ದು ಅದಲ್ಲವಲ್ಲ. ಬಸ್ಸು ಐದು ಗಂಟೆಗೆ. ಅದಕ್ಕೇ ಈಗ ಮಷೀನಿನ ಮೇಲೆ ಹಲಗೆ ಹಾಕಿಕೊಂಡು ಕೂತಿದ್ದೇನೆ. ಪುಸ್ತಕದ ಹೋಲಿಕೆ ನನಗೆ ಬರುವುದಿಲ್ಲ. ಹೊಲಿಯುವಾಗ ಏನೇನು ಕಂಡಿತೋ ಅಷ್ಟನ್ನು ಬರೆಯುತ್ತೇನೆ. ಬೇಕಾದ್ದು ತಗೋ, ಬೇಡದ್ದು ಕತ್ತರಿಸು.

ಉಪ್ಪುಗಾಳಿಯವಳನ್ನೂ ಕುರ್ಚಿಯವಳನ್ನೂ ನೀನು ಅಕ್ಕಪಕ್ಕ ನಿಲ್ಲಿಸಬೇಕು. ಬೇರೆ ಬೇರೆ ಕಡಲು, ಬೇರೆ ಬೇರೆ ಕಾಲ, ಆದರೆ ಬಾಗಿಲಿಗೆ ಬಂದ ಗಿರಾಕಿ ಒಬ್ಬನೇ, ಪೋರ್ಚುಗೀಸ. ಅಬ್ಬಕ್ಕನ ಹತ್ತಿರ ಕಪ್ಪ ಕೇಳಿದ. ಕೊಡುವುದಿಲ್ಲ ಅಂದಳು. ಮತ್ತೆ ಮತ್ತೆ ಬಂದ, ಮತ್ತೆ ಮತ್ತೆ ಎದುರು ನಿಂತಳು. ರಾಣಿಯಾದರೂ ಜನರ ನಡುವೆ ಜನರ ಹಾಗೇ ಸಾದಾ ಉಡುತ್ತಿದ್ದಳು ಅಂತ ಹೇಳುತ್ತಾರಂತೆ. ಅದಕ್ಕೇ ಅವಳಿಗೆ ಜರಿ ಇಲ್ಲ. ಕಡಲ ಗಾಳಿಯ ಉಪ್ಪು ಕೂತು ಬಟ್ಟೆ ಬಿರುಸಾಗುತ್ತದೆ, ಒಗೆದರೆ ಮತ್ತೆ ಮೃದುವಾಗಬೇಕು, ಅಂಥದ್ದೇ ಹತ್ತಿ ಹಾಕಿದ್ದೇನೆ. ನ್ಜಿಂಗಾ ತದ್ವಿರುದ್ಧ. ಸೋದರನ ಪರವಾಗಿ ಸಂಧಾನಕ್ಕೆ ಹೋದಾಗ ಆ ಪೋರ್ಚುಗೀಸ ಅಧಿಕಾರಿ ತಾನು ಕುರ್ಚಿಯಲ್ಲಿ ಕೂತು ಇವಳಿಗೆ ನೆಲದ ಮೇಲೆ ಚಾಪೆ ಹಾಸಿದನಂತೆ. ಇವಳು ಜಗಳವಾಡಲಿಲ್ಲ. ಜೊತೆಗೆ ಬಂದವರಲ್ಲಿ ಒಬ್ಬರು ಬಗ್ಗಿ ಬೆನ್ನು ಕೊಟ್ಟರು, ಅದರ ಮೇಲೆ ಕೂತು ಅವನ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಳು. ಅಂಥವಳಿಗೆ ಮಖಮಲ್ಲೇ ಆಗಬೇಕು. ಬೆನ್ನು ಕೊಟ್ಟವರ ಸೊಂಟ ಏನಾಯಿತೋ ಅಂತ ನನಗೆ ಇಡೀ ಸೋಮವಾರ ಚಿಂತೆ. ಪುಟದಲ್ಲಿ ಅದನ್ನು ಯಾರೂ ಬರೆದಿಲ್ಲ. ನೀನು ಬರಿ.

ಕೂತ ಮೇಲೆ ಲಂಗ ಮೇಲಕ್ಕೆ ಸರಿಯಬಾರದು ಅಂತ ಅವಳ ಅಂಚಿಗೆ ಒಳಗಿನಿಂದ ಭಾರದ ಪಟ್ಟಿ ಕೊಟ್ಟಿದ್ದೇನೆ. ಅರವತ್ತು ದಾಟಿದ ಮೇಲೂ ತಾನೇ ಸೈನ್ಯ ನಡೆಸಿದಳಂತೆ, ಎಂಬತ್ತರ ಸುಮಾರಿಗೆ ಹೋದಳಂತೆ. ಅದಕ್ಕೆ ಸೊಂಟದಲ್ಲಿ ಮುಂದೆ ಬಿಚ್ಚಲು ಎರಡಿಂಚು ಒಳಗೇ ಮಡಚಿದ್ದೇನೆ. ವಯಸ್ಸಾಗುವ ಯೋಗ ಇರುವ ಹೆಂಗಸಿಗೆ ಬಟ್ಟೆ ಹಾಗೇ ಹೊಲಿಯಬೇಕು.

ಲಾಡಿಯವಳಿಗೆ ಆ ಯೋಗ ಇರಲಿಲ್ಲ. ಹತ್ತೊಂಬತ್ತರ ಸುಮಾರಿಗೆ ಸುಟ್ಟುಬಿಟ್ಟರು. ಅವಳ ಮೇಲೆ ಹೊರಿಸಿದ ತಪ್ಪುಗಳಲ್ಲಿ ಗಂಡಸಿನ ಬಟ್ಟೆ ಹಾಕಿದ್ದೂ ಒಂದು! ಕಾಲಿನ ಬಟ್ಟೆಯನ್ನು ಮೇಲಂಗಿಗೆ ಇಪ್ಪತ್ತು ಲಾಡಿಗಳಿಂದ ಬಿಗಿದಿದ್ದಳು ಅಂತ ಲೆಕ್ಕ ಹಾಕಿ ಬರೆದಿದ್ದಾರಲ್ಲ, ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಬರೆದ ದೊಡ್ಡವರಿಗೆ ಅದು ಅಪರಾಧ. ಹೊಲಿಯುವವಳಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಸೆರೆಮನೆಯಲ್ಲಿ ಗಂಡಸರ ಕಾವಲಿನ ನಡುವೆ ಮಲಗುವ ಹುಡುಗಿ ಇಪ್ಪತ್ತು ಗಂಟು ಯಾಕೆ ಹಾಕಿಕೊಳ್ಳುತ್ತಾಳೆ ಅಂತ. ಅವಳಿಗೆ ಓದು ಬರಹ ಬರುತ್ತಿರಲಿಲ್ಲವಂತೆ. ಆದರೆ ಅಷ್ಟೊಂದು ಓದಿದ ಗಂಡಸರ ಮುಂದೆ, ಹೊಲಿಯುವುದರಲ್ಲಿ ನೂಲುವುದರಲ್ಲಿ ಈ ಊರಿನ ಯಾವ ಹೆಂಗಸಿಗೂ ನಾನು ಹೆದರುವವಳಲ್ಲ ಅಂದಳಂತೆ. ಅದನ್ನು ಓದಿ ನಾನು ಎದ್ದು ನಿಂತೆ ಗುಂಡಿ. ಸುಮ್ಮನೆ, ಅಂಗಡಿಯಲ್ಲಿ ಒಬ್ಬಳೇ. ಅವಳ ಲಾಡಿಗಳು ಬೂಟಿನ ಲೇಸುಗಳು, ಆದರೆ ತುದಿಯ ಗಂಟು ನನ್ನ ಕೈಯದು. ಯಾರೂ ಸುಲಭಕ್ಕೆ ಬಿಚ್ಚಲಾರರು.

ಆನೆಯವಳು ನಾಲ್ವರಲ್ಲೂ ಹಳಬಳು. ಎರಡು ಸಾವಿರ ವರ್ಷ ಹತ್ತಿರ. ಗಂಡನನ್ನು ಕೊಂದರು, ತಂಗಿಯನ್ನು ಕರೆದುಕೊಂಡು ಆನೆ ಹತ್ತಿದಳು ಅಂತ ಕಥೆ. ದುಃಖದ ಬಟ್ಟೆ ಉಡದೆ ಝಗಮಗ ಉಡುಪಿನಲ್ಲಿ ಯುದ್ಧಕ್ಕೆ ಹೊರಟಳಂತೆ. ಯಾಕೆ ಹೀಗೆ ಅಂದವರಿಗೆ, ನನ್ನ ಅಳು ಕಂಡರೆ ನನ್ನ ಸೈನಿಕರ ಕೈ ಸೋಲುತ್ತದೆ ಅನ್ನುವ ಅರ್ಥದ ಮಾತು ಹೇಳಿದಳಂತೆ. ಹೊರಗೆ ಹಳದಿ ಸ್ಯಾಟಿನ್ನು ಹಾಕಿದೆ. ಮನಸ್ಸು ಒಪ್ಪಲಿಲ್ಲ. ಒಳಗಿನ ಲೈನಿಂಗ್ ಬಿಳಿ ಇಟ್ಟೆ, ಮಾಸಿದ ಬಿಳಿ. ಹೊರಗಿನವರಿಗೆ ಕಾಣುವುದಿಲ್ಲ. ಅವಳ ಮೈಗೆ ಗೊತ್ತಿರುತ್ತದೆ. ಮೂರೇ ವರ್ಷ ಆಳಿದಳಂತೆ, ಆಮೇಲೆ ಸೋತಳು. ನಿಮ್ಮ ಹಿರಿಯ ಸಹಾಯಕರು ಬಹುಶಃ ನಾಲ್ಕನೇ ನಂಬರು ಕೊಡುತ್ತಾರೆ. ಮೂರು ವರ್ಷ ಬಾಳಿಕೆ ಬಂದ ಬಟ್ಟೆಯನ್ನು ಎರಡು ಸಾವಿರ ವರ್ಷ ಜನ ಎತ್ತಿಟ್ಟುಕೊಂಡಿದ್ದಾರೆ ಅಂದರೆ ಅದು ಎಂಥ ಬಟ್ಟೆ ಅಂತ ಅವರನ್ನೇ ಕೇಳು.

ಹೀಗೆ ನಾಲ್ವರಲ್ಲಿ ಬಟ್ಟೆ ಬೇರೆ, ಕತ್ತು ಬೇರೆ, ಉದ್ದ ಬೇರೆ, ಗಂಟು ಬೇರೆ. ಒಬ್ಬಳು ಸಾದಾ ಉಟ್ಟು ಗೆದ್ದಳು, ಒಬ್ಬಳು ಠೀವಿಯಲ್ಲಿ. ಒಬ್ಬಳಿಗೆ ಬಟ್ಟೆಯೇ ಕೋಟೆ, ಒಬ್ಬಳಿಗೆ ಬಟ್ಟೆಯೇ ಮುಖವಾಡ. ಯಾರು ದೊಡ್ಡವಳು ಅಂತ ಕೇಳಿದರೆ, ಯಾರ ಅಳತೆಗೆ ಯಾರನ್ನು ತೊಡಿಸುವುದು? ಕುರ್ಚಿಯವಳನ್ನು ಲಾಡಿಯವಳ ಅಂಗಿಯಲ್ಲಿ ತುರುಕಿದರೆ ಇಬ್ಬರೂ ಕೆಡುತ್ತಾರೆ.

ಆದರೆ ಒಂದು ಮಾತ್ರ ನಾಲ್ವರಿಗೂ ಒಂದೇ ಇಟ್ಟಿದ್ದೇನೆ. ನೀನು ಕಳಿಸಿದ ಚಿತ್ರಗಳಲ್ಲಿ ಎಲ್ಲರೂ ಕೈ ಎತ್ತಿ ನಿಂತಿದ್ದಾರೆ. ಬರೆದವರು ಒಬ್ಬರೂ ಹೊಲಿದು ಬಲ್ಲವರಲ್ಲ. ಅಷ್ಟು ಬಿಗಿಯಾದ ತೋಳಿನಲ್ಲಿ ಕತ್ತಿ ಎತ್ತಿದರೆ ಮೊದಲು ಸೀಳುವುದು ಶತ್ರುವಲ್ಲ, ಅಂಗಿಯ ಕಂಕುಳು. ಕೈ ಎತ್ತಬೇಕಾದವಳಿಗೆ ಕಂಕುಳಲ್ಲಿ ಒಂದು ಚೌಕದ ತುಂಡು ಕೂರಿಸಬೇಕು, ಮೂಲೆ ಮೇಲಕ್ಕೆ ಬರುವ ಹಾಗೆ ಅಡ್ಡಕ್ಕೆ. ಕೈ ಕೆಳಗಿದ್ದಾಗ ಅದು ಮಡಚಿಕೊಂಡು ಯಾರಿಗೂ ಕಾಣುವುದಿಲ್ಲ. ಎತ್ತಿದಾಗ ಬಿಚ್ಚಿಕೊಳ್ಳುತ್ತದೆ. ಉಪ್ಪುಗಾಳಿಯವಳಿಗೂ ಅದೇ, ಆನೆಯವಳಿಗೂ ಅದೇ. ನನಗೆ ಕಂಡ ಹೋಲಿಕೆ ಇಷ್ಟೇ. ಊರು, ಕಾಲ, ಬಟ್ಟೆ ಯಾವುದೇ ಇರಲಿ, ಎಲ್ಲರೂ ಕೈ ಎತ್ತಿದರು. ಅವರು ಎತ್ತಿದಾಗ ಹರಿಯದ ಹಾಗೆ ಯಾರೋ ಒಬ್ಬಳು ಹಿಂದಿನ ದಿನವೇ ಕೂತು ಹೊಲಿದು ಕೊಟ್ಟಿರಬೇಕು. ಅವಳ ಹೆಸರು ನಿನ್ನ ಪುಟಗಳಲ್ಲಿ ಇಲ್ಲ. ಇರಲಿ, ಬೇಜಾರಿಲ್ಲ.

ಅಳತೆಯ ವಿಷಯ ಹೇಳುವುದನ್ನು ಮರೆತೆ. ನಾಲ್ವರ ಅಳತೆ ನೀನು ಕಳಿಸಿರಲಿಲ್ಲ. ಸೇನೆ ನಡೆಸುವ ಹೆಂಗಸಿನ ಎದೆ ಎಷ್ಟು, ಭುಜ ಎಷ್ಟು ಅಂತ ಯಾರನ್ನು ಕೇಳಲಿ? ಅಳತೆ ಪುಸ್ತಕ ತೆಗೆದು ನಿನ್ನ ಪುಟದ ಅಳತೆಗೇ ನಾಲ್ವರನ್ನೂ ಕತ್ತರಿಸಿದೆ. ಯಾರಿಗೂ ಸಡಿಲವೂ ಆಗಲಿಲ್ಲ, ಬಿಗಿಯೂ ಆಗಲಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು. ಸಭೆಗೆ ಮೊದಲು ನೀರು ಕುಡಿ, ಜಾಸ್ತಿ ಬೇಡ. ಈ ಕಾಗದ ಕೆಲಸಕ್ಕೆ ಬಾರದಿದ್ದರೆ ಓದಬೇಡ, ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿಬಿಡು. ನಿಜವಾಗಿ ಹುಷಾರಾಗಿದ್ದೇನೆ, ಅದಕ್ಕೆ ಮತ್ತೆ ನೀನು ಗಾಬರಿಯಾಗಬೇಡ.

ಇಂತಿ ನಿನ್ನ,
ಹೊಲಿಸಿದವಳಲ್ಲ, ಹೊಲಿದವಳು,
ಅಮ್ಮ

ತಾ.ಕ. (ಮೂರೂವರೆ ಗಂಟೆ)

ಪಿನ್ನು ಸಿಕ್ಕಿತು! ನಿನ್ನ ಚೀಟಿಯಲ್ಲೇ ಇತ್ತು. ಕಟ್ಟು ಬಂದ ಕೂಡಲೇ, ಓದುವ ಮೊದಲೇ, ಕಳೆದುಹೋಗದಿರಲಿ ಅಂತ ನಾನೇ ಅದನ್ನು ಅಳತೆ ಪುಸ್ತಕದ ನಿನ್ನ ಪುಟಕ್ಕೆ ಚುಚ್ಚಿಟ್ಟಿದ್ದೆ. ಆದರೆ ಮರುಕ್ಷಣವೇ ಇನ್ನೊಂದು ಭಯ. ಪಿನ್ನು ಸರಿಯಾಗಿ ದೀರ್ಘದ ಮೇಲೇ ಚುಚ್ಚಿ ಅದನ್ನು ಅಳಿಸಿರಬಹುದೇ, ಅದಕ್ಕೇ ನಾನು ತಪ್ಪಾಗಿ ಓದಿದೆನೇ ಅಂತ. ಕನ್ನಡಕದವಳ ಹತ್ತಿರ ಓಡಿದೆ. ಅವಳು ಚೀಟಿಯನ್ನು ದೀಪದ ಕೆಳಗಿಟ್ಟು, ದಪ್ಪ ಭೂತಗನ್ನಡಿ ಹಿಡಿದು ನೋಡಿದಳು. ಪಿನ್ನಿನ ತೂತು ಮೇಲೆ ‘ಅಮ್ಮಾ’ ಅನ್ನುವ ಕಡೆ ಇತ್ತು. ‘ಹೊ’ ಪಕ್ಕ ತೂತೂ ಇಲ್ಲ, ದೀರ್ಘವೂ ಇಲ್ಲ. ಶಾಯಿಯ ಗುರುತೂ ಇಲ್ಲ. ಅವಳು ಇನ್ನೊಂದು ಕನ್ನಡಿ ತಂದಳು. ಅದರಲ್ಲೂ ನೋಡಿದಳು. ಆಮೇಲೆ, ‘ಟೈಲರಕ್ಕ, ನಿಮ್ಮ ಮಗಳು ದೀರ್ಘ ಹಾಕೇ ಇಲ್ಲ! ನಾನು ನಿನ್ನೆ ಇಲ್ಲದ್ದನ್ನ ಓದಿದೆ, ನೀವು ಇದ್ದದ್ದನ್ನ ಓದಿದೀರಿ’ ಅಂದಳು.

ಕೇಳಿದೆಯಾ? ಇದ್ದದ್ದನ್ನು ಓದಿದೆ. ಡಿಗ್ರಿಯವಳ ಬಾಯಿಂದ ಬಂದ ಮಾತು.

ಆ ಮಾತು ಕೇಳಿದ ಮೇಲೆ ನಿನಗೆ ಒಂದು ವಿಷಯ ಹೇಳುವ ಧೈರ್ಯ ಬಂತು. ನಿಮ್ಮ ತಾತನಿಗೆ ಆಗ ಹುಷಾರು ತಪ್ಪಿರಲಿಲ್ಲ. ಅವರು ಗಟ್ಟಿಮುಟ್ಟಾಗಿ ಇನ್ನೂ ಇಪ್ಪತ್ತು ವರ್ಷ ಮಷೀನು ತುಳಿದರು. ಐದನೇ ಕ್ಲಾಸಿನಲ್ಲಿ ಟೀಚರು ಬೋರ್ಡಿನ ಮೇಲೆ ಇಬ್ಬರು ರಾಣಿಯರ ಹೆಸರು ಬರೆದು, ಕೆಳಗೆ ‘ಹೋಲಿಸಿ’ ಅಂತ ಬರೆದರು. ನಾನು ಹೊಲಿಸಿ ಅಂತ ಓದಿದೆ. ಇಡೀ ಕ್ಲಾಸಿನಲ್ಲಿ ಟೈಲರನ ಮಗಳು ನಾನೊಬ್ಬಳೇ, ಇದು ನನ್ನ ಪ್ರಶ್ನೆ ಅಂತ ಖುಷಿಯಿಂದ ಎಷ್ಟು ಎತ್ತರ ಆಗುತ್ತದೋ ಅಷ್ಟು ಎತ್ತರ ಕೈ ಎತ್ತಿ, ‘ಟೀಚರ್, ಅಳತೆ ಕೊಡಿ, ನಮ್ಮಪ್ಪ ಹೊಲಿದು ಕೊಡ್ತಾರೆ’ ಅಂದೆ. ಆಗ ಕಂಕುಳಲ್ಲಿ ಫ್ರಾಕು ಪರ್ ಅಂತ ಹರಿಯಿತು. ಹೋದ ವರ್ಷದ ಫ್ರಾಕು ಅದು, ನಾನು ಬೆಳೆದಿದ್ದೆ. ಮಕ್ಕಳು ನಕ್ಕರು, ಟೀಚರೂ ಕಣ್ಣೊರೆಸಿಕೊಂಡು ನಕ್ಕರು, ‘ನೀನು ಹೊಲಿಯೋಕೇ ಸರಿ ಕಣೇ’ ಅಂದರು. ಕೈ ಇಳಿಸಿ ಮನೆಗೆ ಬಂದೆ. ಮತ್ತೆ ಹೋಗಲಿಲ್ಲ. ಅಪ್ಪ ಕೇಳಿದ್ದಕ್ಕೂ ನಿಜ ಹೇಳಲಿಲ್ಲ. ಅವತ್ತು ಬೋರ್ಡಿನ ಮೇಲೆ ದೀರ್ಘ ಇತ್ತೋ ಇಲ್ಲವೋ, ಈಗ ಯಾರಿಗೆ ಗೊತ್ತು?

ನಿನ್ನೆ ಇದೇ ಶಬ್ದ ಎರಡನೇ ಸಲ ಎದುರು ಬಂದಾಗ ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗಿಬಿಡೋಣ ಅನ್ನಿಸಿತ್ತು. ಹೋಗಲಿಲ್ಲ. ಕೂತು ಹೋಲಿಸಿದೆ. ನಿನ್ನಿಂದಾಗಿ ಹೋಲಿಸಿದೆ. ಮೇಲೆ ಒಂದು ಮಾತು ಬರೆದಿದ್ದೆ, ಅಮ್ಮನಿಗೆ ಹುಷಾರಿಲ್ಲ ಅಂತ ಹೇಳಿಬಿಡು ಅಂತ. ಅದನ್ನು ಹೊಡೆದುಹಾಕು. ಹಾಗೆ ಹೇಳಬೇಡ. ಆ ಸುಳ್ಳು ನಮ್ಮ ಮನೆಯಲ್ಲಿ ಒಂದು ಸಲ ಸಾಕು. ಕಾಗದವನ್ನು ಪೂರ್ತಿ ಓದು, ತಾ.ಕ.ವನ್ನೂ ಸೇರಿಸಿ. ನಕ್ಕರೆ ನಗಲಿ.

ನಿನ್ನ ಚೀಟಿಯನ್ನೂ ವಾಪಸು ಇಟ್ಟಿದ್ದೇನೆ. ದೀರ್ಘ ಇರಬೇಕಾದ ಜಾಗದಲ್ಲಿ ಒಂದು ಹುಕ್ಕು ಹೊಲಿದಿದ್ದೇನೆ, ನೋಡು, ಆಕಾರ ಹೆಚ್ಚುಕಮ್ಮಿ ಒಂದೇ. ಈಗ ಸರಿಯಾಗಿ ಓದಬಹುದು.

ಇನ್ನೊಂದು. ಪೊಟ್ಟಣದ ತಳದಲ್ಲಿ, ಬ್ರೌನ್ ಕಾಗದದಲ್ಲಿ ಬೇರೆಯಾಗಿ ಸುತ್ತಿದ್ದು ನಾಲ್ವರದಲ್ಲ. ನೀಲಿ ಮೇಲಂಗಿ, ಉದ್ದ ತೋಳು, ಕೆಲಸಕ್ಕೆ ಹಾಕಿಕೊಳ್ಳುವಂಥದ್ದು. ನೀನು ಕೈ ಎತ್ತಲಿಲ್ಲ ಅಂತ ಫೋನಿನಲ್ಲಿ ಹೇಳಿದ ದಿನವೇ ಕತ್ತರಿಸಿಟ್ಟದ್ದು. ಶನಿವಾರ ಅದನ್ನೇ ಹಾಕಿಕೊಂಡು ಹೋಗು. ಆ ಸಹಾಯಕರು ಬಾಯಿ ತೆರೆದ ಕೂಡಲೇ ಕೈ ಎತ್ತು. ಎಷ್ಟು ಎತ್ತರ ಬೇಕಾದರೂ ಎತ್ತು. ಹರಿಯುವುದಿಲ್ಲ, ನೋಡಿಕೊಂಡಿದ್ದೇನೆ.

ಪಿನ್ನು ಹನ್ನೆರಡೂ ಡಬ್ಬಿಯಲ್ಲಿವೆ. ಆದರೂ ಹಾಕಿಕೊಳ್ಳುವ ಮೊದಲು ಒಂದು ಸಲ ಒದರು.